ಏರದ ಕಿಟಕಿ

ಸಿಂಧನೂರು, ಸೋಮವಾರ

ಗುರುಬಸವಣ್ಣಗ ತಂಗಿ ಶಿವರಂಜನಿಯ ನಮಸ್ಕಾರ.

ಹಳೇ ಕಾರು ಕೊಟ್ಟು ಹೊಸಾದು ತರೂದಕ್ಕ ಅವಸರ ಮಾಡಬ್ಯಾಡಣ್ಣ. ಎಡಗಡೆ ಕಿಟಕಿ ಮ್ಯಾಲ ಏರೂದಿಲ್ಲ, ಧೂಳು ಬರ್ತೈತಿ, ಖರೆ. ಆದ್ರ ಕಣ್ಣು ಹೋದ ಮ್ಯಾಲ ಅವ್ವ ನಿಮ್ಮ ಲಿಂಗಸುಗೂರಿನ ದಾರಿ ನೋಡೂದು ಆ ಕಿಟಕಿಯಿಂದನ. ನೀರು ನಿಂತ ನೆಲ್ಲಿನ ಗದ್ದಿ ವಾಸನಿ ಬಂದ್ರ ಗೊರೇಬಾಳ ಬಂತು ಅಂತಾಳ, ಕಾಲುವೆಗೆ ಕೈ ಮುಗೀತಾಳ. ಗಾಳಿ ಒಣಗಿ ಬಿಸಿಯಾದ್ರ ಮಸ್ಕಿ ಅಂತಾಳ.

ಮೊನ್ನೆ ನೀ ಶೋರೂಮಿನ ಕಾರಿನಾಗ ನಮ್ಮನ್ನ ಲಿಂಗಸುಗೂರಿಗೆ ಕರಕೊಂಡು ಹೋದಿ. ಎಸಿ ತಂಪಿತ್ತು, ಸಪ್ಪಳ ಇರಲಿಲ್ಲ. ನಿಮ್ಮ ಮನಿ ಮುಂದ ನಿಂತಾಗ ಅವ್ವ ನನ್ನ ಕಿವ್ಯಾಗ, "ಇನ್ನಾ ಹೊಂಟಿಲ್ಲೇನವಾ?" ಅಂದಳು. ಕಿಟಕಿ ಇಳಿಸಿದ್ರಾತು ಅಂತೀ. ನೀ ಇಳಿಸೂದಿಲ್ಲಣ್ಣ, ನನಗ ಗೊತ್ತೈತಿ.

ನಿನ್ನೆ ಮಧ್ಯಾಹ್ನ ಅಂಗಳದಾಗ ನಿಂತಿದ್ದ ಹಳೇ ಕಾರಿನಾಗ ಅವ್ವ ಒಬ್ಬಾಕಿನ ಹೋಗಿ ಕುಂತಿದ್ಲು. ಚಾವಿ ನನ್ನ ಕೈಯಾಗಿತ್ತು. ನಾ ನೋಡಾಕತ್ತಿದ್ದೆ, ನಿಧಾನಕ ಕೈ ಮುಗಿದಳು.

"ಎಲ್ಲಿಗೆ ಬಂದ್ವಿ ಅವ್ವಾ?" ಅಂದೆ.

"ಗೊರೇಬಾಳ ಬಂತಲ್ಲವಾ."

ನಾನೂ ಬಾಜೂಕ ಹತ್ತಿ, ಮಸ್ಕಿ ಬರೂತನಕ ಕುಂತೆ.

ಬರೂ ವಾರ ಮೆಕ್ಯಾನಿಕ್‌ನ ಕರಕೊಂಡು ಬಾ. ಎಂಜಿನ್ ನೋಡ್ಲಿ, ಬ್ರೇಕ್ ನೋಡ್ಲಿ. ಕಿಟಕಿ ಮಾತ್ರ ಮುಟ್ಟೂದು ಬ್ಯಾಡ.

ನಿನ್ನ ತಂಗಿ,
ರಂಜನಿ