ನಾಲ್ಕು ನೀರಿನಲ್ಲಿ ತೊಳೆದ ಅಲಸಂದೆ

ಜುಲೈ 6, ಸಂಜೆ
ಒಂದು ಪಾಲು ಕಾಳು, ನಾಲ್ಕು ಪಾಲು ಜೋಳ. ಎಂದಿನಂತೆ. ತಾರಸಿಯ ಗೂಡಿನಲ್ಲಿ ಒಂದೇ ಜೋಡಿ ಪಾರಿವಾಳ, ಎರಡು ಮರಿ. ಮರಿಗಳಿಗೆ ಒಂಬತ್ತು ದಿನ. ಕದಿರೇಶ್ ಬಂದಿದ್ದ. ಹಿಂದಿನ ಬೀದಿಯಲ್ಲಿ ನಲವತ್ತು ಪಾರಿವಾಳ ಸಾಕಿರುವವನು. ಮರಿಯ ಎದೆ ಒತ್ತಿ ನೋಡಿದ. "ಬರೀ ಜೋಳದಲ್ಲಿ ಕೊಬ್ಬು ಬರುತ್ತೆ ಸಾರ್, ರೆಕ್ಕೆ ಬರಲ್ಲ. ತಾಯಿ ತಿಂದಿದ್ದನ್ನೇ ತಾನೆ ಕಕ್ಕಿ ಕೊಡೋದು? ಕಾಳು ಜಾಸ್ತಿ ಮಾಡಿ. ಪ್ರೋಟೀನು!"
ಕಾಳು ಮುಗಿದಿದೆ.

ಜುಲೈ 7
ವಕ್ಕಲೇರಿ. ಹೆಂಡತಿ ಗಂಗಾಳ ತಮ್ಮ ಮುನಿರಾಮಪ್ಪನ ಮನೆ. ಬಿತ್ತಿ ಉಳಿದ ಅಲಸಂದೆ. ಗುಲಾಬಿ ಬಣ್ಣ. "ಔಷಧಿ ಹಚ್ಚಿರೋದು ಭಾವ, ಬಾಯಿಗೆ ಹಾಕೋ ಹಾಗಿಲ್ಲ." ಆಗಲಿ ಅಂದೆ. ಪಾರಿವಾಳದ ಮಾತೆತ್ತಲಿಲ್ಲ. ಬಸ್ಸಿನಲ್ಲಿ ಮುಳಬಾಗಿಲಿನವರೆಗೂ ಚೀಲ ತೊಡೆಯ ಮೇಲೆ.
ನಾಲ್ಕು ನೀರಿನಲ್ಲಿ ತೊಳೆದೆ. ನಾಲ್ಕನೆಯದು ತಿಳಿ. ಬಣ್ಣದ ಜೊತೆ ಔಷಧಿಯೂ ಹೋಗುತ್ತದೆಂದು ಯಾರು ಹೇಳಿದರು? ಯಾರೂ ಇಲ್ಲ... ತಾರಸಿಯಲ್ಲಿ ಹರಡಿದ್ದೇನೆ.

ಜುಲೈ 10
ಒಣಗಿತು. ಡಬ್ಬಿಗೆ ತುಂಬುವಾಗ ಕಡಿಮೆ ಅನ್ನಿಸಿತು. ಅಳಿಲು ಇರಬೇಕು. ಸಂಜೆ ಮೊದಲ ಹಿಡಿ. ಗಬಗಬ ತಿಂದವು.

ಜುಲೈ 11, ಬೆಳಿಗ್ಗೆ 7
ಹೆಣ್ಣು ಸತ್ತಿದೆ. ಗಂಡು ಮೂಲೆಯಲ್ಲಿ ನಡುಗುತ್ತಿದೆ, ಕತ್ತು ನಿಲ್ಲುತ್ತಿಲ್ಲ. ಮರಿಗಳ ಗಂಟಲ ಚೀಲ ತುಂಬಿದೆ. ಮೈ ತಣ್ಣಗೆ. ಪೇಪರಿನಲ್ಲಿ ಸುತ್ತಿದೆ. ಗಂಗಾಗೆ, ಬೆಕ್ಕಿನ ಕೆಲಸ ಅಂದೆ.

11.40, ಆಸ್ಪತ್ರೆಯ ಬೆಂಚು
ಔಷಧಿ ಚೀಟಿಯ ಹಿಂದೆ ಬರೆಯುತ್ತಿದ್ದೇನೆ.
ಹತ್ತು ಗಂಟೆಗೆ ಡಬ್ಬಿ ಖಾಲಿ ಮಾಡಲು ಹೊರಟೆ. ಗಂಗಾ ತಡೆದಳು. "ಅಯ್ಯೋ, ಚೆಲ್ಲಬೇಡ್ರೀ! ಚೊಕ್ಕವಾಗಿ ತೊಳೆದು ಒಣಗಿಸಿದ್ರಲ್ಲ ಅಂತ ಮೊನ್ನೆ ಒಂದು ಪಾವು ಎತ್ಕೊಂಡು ಮೊಳಕೆ ಕಟ್ಟಿದ್ದೆ. ಇವತ್ತು ಧನಶ್ರೀ ಡಬ್ಬಿಗೆ ಅದರದೇ ಉಸಲಿ. ಪಾರಿವಾಳಕ್ಕೇ ಪ್ರೋಟೀನ್ ಬೇಕಾ, ಮಗಳಿಗೆ ಬೇಡ್ವಾ?"
ನೀನು ತಿಂದೆಯಾ?
"ಉಪ್ಪು ನೋಡಿದೆ, ಅಷ್ಟೇ. ಯಾಕೆ?"
ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ಸ್ಕೂಲು ತಲುಪಿದಾಗ ಸಣ್ಣ ಬಿಡುವು ಮುಗಿದಿತ್ತು. ಧನಶ್ರೀಯ ಡಬ್ಬಿ ಅರ್ಧ ಖಾಲಿ. ಹೊಟ್ಟೆ ತೊಳಸುತ್ತಿದೆ ಅಂದಳು.
ಈಗ ಒಳಗಿದ್ದಾಳೆ. ಯಾವ ಔಷಧಿ, ಹೆಸರು ಬೇಕು ಅಂದರು ಡಾಕ್ಟರು. ಮುನಿರಾಮಪ್ಪನಿಗೆ ಫೋನ್ ಮಾಡಿದೆ. ಅವನ ದನಿ ದೊಡ್ಡದು. "ಪಾಕೀಟು ನೋಡಿ ಹೇಳ್ತೀನಿ ಇರಿ. ಬಾಯಿಗೆ ಹಾಕೋ ಹಾಗಿಲ್ಲ ಅಂತ ಹೇಳಿದ್ನಲ್ಲ ಭಾವ!"
ಪಕ್ಕದಲ್ಲೇ ಗಂಗಾ. ನನ್ನತ್ತ ತಿರುಗಿದಳು.
"ಬೆಕ್ಕಾ?"