ಪಲ್ಲಕ್ಕಿ ದಾರಿಯ ಬ್ರಾಡ್‌ಬ್ಯಾಂಡ್

ಚೇಳೂರು ಹತ್ತಿರದ ಹಳ್ಳಿಯಿಂದ,
ಮಾರ್ಚ್ ೨೦೦೭

ಅಕ್ಕಾ,

ತಲುಪಿದ ಕೂಡಲೇ ಇಮೇಲ್ ಹಾಕು ಅಂದಿದ್ದೆಯಲ್ಲ, ತಗೋ ಕಾರ್ಡು! ಶಾಲೆಯ ಮಕ್ಕಳಿಗೆ ಇಂಟರ್‌ನೆಟ್ ಕಲಿಸಲು ಬಂದರೆ ಶಾಲೆಯಲ್ಲಿ ಇಂಟರ್‌ನೆಟ್ಟೇ ಇಲ್ಲ. ಮಕ್ಕಳು ದಿನವೂ ಖಾಲಿ ಸ್ಕ್ರೀನ್ ನೋಡಿ ಮನೆಗೆ ಹೋಗುತ್ತಿವೆ.

ಶಾಲೆಗೆಂದೇ ಊರವರು ಚಂದಾ ಎತ್ತಿ ಕೇಬಲ್ ಎಳೆದಿದ್ದಾರೆ, ಮೆಚ್ಚಬೇಕು. ಟೆಲಿಫೋನ್ ಎಕ್ಸ್‌ಚೇಂಜ್ ಶಾಲೆಯ ಎದುರಿಗೇ ಇದೆ, ರಸ್ತೆ ದಾಟಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಈ ಮಹಾನುಭಾವರು ದೇವರ ಪಲ್ಲಕ್ಕಿ ಹೋಗುವ ದಾರಿಯಲ್ಲೇ ಕೇಬಲ್ ಹೂತಿದ್ದಾರೆ. ಪಲ್ಲಕ್ಕಿ ನಿಲ್ಲುವ ಮನೆಮನೆಯ ಮುಂದೂ ಒಂದೊಂದು ಜಾಯಿಂಟು! ಊರೆಲ್ಲ ಮೆರೆದು ಶಾಲೆಗೆ ಬರುವಷ್ಟರಲ್ಲಿ ಸಿಗ್ನಲ್ ಪ್ರಾಣ ಬಿಟ್ಟಿರುತ್ತದೆ.

"ನೇರವಾಗಿ ಎಳೆಯಬಾರದಿತ್ತೇ?" ಎಂದು ಚಂದಾ ಎತ್ತಿದ ಸಮಿತಿಯ ಅಧ್ಯಕ್ಷ ದಯಾನಂದ ಅವರನ್ನು ಕೇಳಿದೆ.

"ಅಯ್ಯೋ ಮೇಡಂ, ಪಟೇಲ್ರ ಮನೆ ಬಿಟ್ರೆ ನಾಳೆ ನಾನು ಊರಲ್ಲಿ ತಲೆ ಎತ್ಕೊಂಡು ತಿರುಗಾಡೋದು ಬ್ಯಾಡ್ವಾ? ನಮ್ ಊರಲ್ಲಿ ಒಬ್ರಿಗೂ ಬೇಜಾರು ಮಾಡಿಲ್ಲ ಬುಡಿ" ಎಂದು ಎದೆ ತಟ್ಟಿಕೊಂಡರು.

ಕೇಬಲ್‌ಗಾಗಿ ಊರುದ್ದಕ್ಕೂ ನೆಲ ಅಗೆದ ಹನುಮಕ್ಕ ಪಕ್ಕದಲ್ಲೇ ಗುದ್ದಲಿ ಹಿಡಿದು ನಿಂತಿದ್ದರು. "ಹಾಗಾದರೆ ನಿಮ್ಮ ಮನೆಗೂ ಕೇಬಲ್ ಬಂತು ಅನ್ನಿ" ಎಂದು ಆಕೆಯನ್ನು ಕೇಳಿದೆ.

ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಯಿತು.

ನನ್ನ ಕೆಮ್ಮು ಇನ್ನೂ ಬಿಟ್ಟಿಲ್ಲ, ಜೋನಿಬೆಲ್ಲ ಕಾಳುಮೆಣಸಿನ ಮದ್ದು ನಡೆದಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ಹನುಮಕ್ಕ ಹೇಳಿದ್ದನ್ನಷ್ಟೇ ಅಂಚಿನಲ್ಲಿ ತುರುಕುತ್ತೇನೆ: "ನಮ್ ಕೇರಿಗೆ ಪಲ್ಲಕ್ಕಿ ಯಾವತ್ತು ಬಂದೈತವ್ವ, ಕೇಬಲ್ ಬರಕ್ಕೆ?"

ರಂಜನಿ