ಕೆಳ ಅಂತಸ್ತಿನ ಬೀಗ ನನ್ನ ಕೈಯಲ್ಲಿದೆ

ಕ್ರಿ.ಶ. 2191, ಹದಿಮೂರನೆಯ ತಿಂಗಳು, ತಾರೀಖು ನಾಲ್ಕು
ಕುರಿಹಡಗಿನಿಂದ

ಡಾಕ್ಟರ್ ಸುಧಾಮ ಪಡಿವಾಳರಿಗೆ,

ತಾರೀಖು ನೋಡಿ ತಲೆ ಕೆರೆದುಕೊಳ್ಳಬೇಡಿ. ನಮ್ಮ ಸೆಕೆಗೆ ಹನ್ನೆರಡು ತಿಂಗಳು ಸಾಲಲಿಲ್ಲ, ಇನ್ನೊಂದು ಸೇರಿಸಿಕೊಂಡೆವು. ಮಾತು ಒರಟೆನಿಸಿದರೆ ಸಹಿಸಿಕೊಳ್ಳಿ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಹಡಗು ಹತ್ತಿದ ಮುದುಕ ನಾನು, ಭುಜಂಗ ಕರ್ಕೇರ. ಕಾಗದ ಹಿಂದಿನ ಕಾಲಕ್ಕೂ ಹೋಗುತ್ತದೆಂದು ಅಂಚೆಯವರು ಹೇಳುತ್ತಾರೆ. ಹೋಗದಿದ್ದರೆ ಅವರನ್ನು ಬೇರೆ ವಿಚಾರಿಸಿಕೊಳ್ಳುತ್ತೇನೆ.

ನಿಮ್ಮ ಕಾಲದಲ್ಲಿ ನೀವು ಪರದೇಶದ ಬಂದರಿನಲ್ಲಿ ಪಶುವೈದ್ಯರು. ಕುರಿ ಸಾಗಿಸುವ ಹಡಗಿನ ಪ್ರತಿ ಅಂತಸ್ತಿಗೂ ಇಳಿದು, ನೀರು ಗಾಳಿ ನೋಡಿಯೇ ಸಹಿ ಹಾಕಬೇಕೆಂದು ಅಲ್ಲಿನ ಕಾಯ್ದೆ ಹೇಳುತ್ತದೆ. ನೀವು ಮೇಲೆಯೇ ನಿಂತು, ಕಡಲಗಾಳಿಗೆ ಮುಖವೊಡ್ಡಿ, ಸಹಿ ಹಾಕಿ ಚಹಾಕ್ಕೆ ಹೋಗುತ್ತೀರಿ. ಕೇಳುವವರಿಲ್ಲ. ಹಡಗು ಬಂದರು ದಾಟಿದ ಮೇಲೆ ಅದು ತಮ್ಮದಲ್ಲವೆಂದು ಎಲ್ಲ ದೇಶದ ಪೊಲೀಸರೂ ಕೈ ತೊಳೆದುಕೊಳ್ಳುತ್ತಾರೆ. ಕೆಳಗೆ ಕುರಿಗಳು ನಿಂತಲ್ಲೇ ಬೇಯುತ್ತವೆ. ಬೀಳಲೂ ಜಾಗವಿಲ್ಲ, ಸತ್ತದ್ದು ಬದುಕಿದ್ದರ ಮೈಗೆ ಆತುಕೊಂಡೇ ಇರುತ್ತದೆ. ಅವುಗಳ ಕಾಲು ಹಿಡಿದೆಳೆದು ಸಮುದ್ರಕ್ಕೆ ಎಸೆದವರು ನಮ್ಮ ಮನೆಯ ಹಿರಿಯರು. ಅವರ ಸಿಟ್ಟು ಇನ್ನೂ ನನ್ನ ಮೈಯಲ್ಲಿದೆ.

ನಮ್ಮ ಕಾಲದಲ್ಲಿ ಕೂಡುಪಯಣ ಎಂಬ ಕಾಯ್ದೆಯಿದೆ. ದಂಡವಿಲ್ಲ, ಜೈಲಿಲ್ಲ. ಕುರಿಗಳಿಗೆ ತೊಂದರೆಯಿಲ್ಲವೆಂದು ಸಹಿ ಹಾಕಿದವರು ಅವುಗಳ ಜೊತೆಗೇ, ಅತಿ ಕೆಳಗಿನ ಅಂತಸ್ತಿನಲ್ಲಿ, ಅದೇ ತೊಟ್ಟಿಯ ನೀರು ಕುಡಿದು ಹೋಗಬೇಕು. ಹಾಗಾಗಿ ನಮ್ಮ ಡಾಕ್ಟರುಗಳು ಮೊದಲೇ ಇಳಿದು ಫ್ಯಾನಿಗೆ ಕೈಯೊಡ್ಡಿ, ತೊಟ್ಟಿಯ ನೀರು ಬಾಯಿಗೆ ಹಾಕಿ ನೋಡುತ್ತಾರೆ. ಪ್ಯಾಂಟಿಗೆ ಹಿಕ್ಕೆ ಮೆತ್ತಿಕೊಳ್ಳದ ಡಾಕ್ಟರಿಗೆ ನಮ್ಮ ಬಂದರಿನಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ.

ಈ ಸಲ ಒಬ್ಬಳು ಡಾಕ್ಟರು ಇಳಿಯದೆ ಸಹಿ ಹಾಕಿದಳು. ಕೆಳಗಿನ ಫ್ಯಾನಿನ ಮೋಟಾರು ಸುಟ್ಟಿತ್ತು. ಸಹಿ ಹಾಕಿದವರನ್ನು ಕೆಳಗಿಳಿಸಿ ಬೀಗ ಹಾಕುವುದು ನನ್ನ ಕೆಲಸ, ಹಾಕಿದೆ. ಹೆಸರು ಕೇಳಿದರೆ ಸನ್ಮತಿ ಪಡಿವಾಳ್ ಎಂದಳು. ತಾತ ಮುತ್ತಾತನ ಕಾಲದಿಂದ ತಾವು ಬಂದರಿನ ಪಶುವೈದ್ಯರೇ ಎಂದು ಹೆಮ್ಮೆಯಿಂದ ಹೇಳಿ, ಮೊದಲು ನಿಮ್ಮ ಹೆಸರನ್ನೇ ಎತ್ತಿದಳು. ನಿಮ್ಮ ಮರಿಮಗನ ಮಗಳು.

ಈಗ ರಟ್ಟು ಹಿಡಿದು ಕುರಿಗಳಿಗೆ ಗಾಳಿ ಬೀಸುತ್ತಿದ್ದಾಳೆ. ಬೆಳಿಗ್ಗೆ ಬಾಗಿಲ ಕಂಡಿಗೆ ಬಾಯಿಟ್ಟು ಹೇಳಿದಳು, "ಅಜ್ಜಾ, ಮೇಲೆ ಗಾಳಿ ಚೆನ್ನಾಗಿತ್ತು. ಕೆಳಗೂ ಇರ್ತದೆ ಅಂತ ಮಾಡಿದ್ದೆ. ನಮ್ಮ ಮನೆಯಲ್ಲಿ ಯಾರೂ ಇಳಿದವರಲ್ಲ."

ನಾಳೆ ಗಾಳಿಯಾಡದ ಜಲಸಂಧಿ. ಜೀವಕ್ಕೆ ಅಪಾಯವೆಂದು ಕಂಡರೆ ಬೀಗ ತೆಗೆಯಲು ಕಾಯ್ದೆ ನನಗೆ ಬಿಟ್ಟಿದೆ. ಕುರಿಗಳನ್ನು ಮೇಲೆ ತರಲು ಜಾಗವಿಲ್ಲ, ಅವಳೊಬ್ಬಳನ್ನು ತರಬಹುದು. ತೆಗೆಯಿರಿ ಮಾರಾಯ್ರೆ ಎಂದು ಅಡುಗೆಯವನು ಕಾಲಿಗೆ ಬಿದ್ದ. ಕುರಿಗಳಿಗೆ ಅಂತ ಯಾರಾದರೂ ನಿಮ್ಮ ಕಾಲಿಗೆ ಬಿದ್ದಿದ್ದರೇ, ಡಾಕ್ಟರೇ? ನಾನು ತೆಗೆಯುವುದಿಲ್ಲ. ನಾನು ಒಳ್ಳೆಯವನೆಂದು ನಿಮಗೆ ಯಾರು ಹೇಳಿದರು?

ತೆಗೆಯಬೇಕೆಂದಿದ್ದರೆ ನೀವೇ ತೆಗೆಯಿರಿ. ಇವತ್ತು ನಿಮ್ಮ ಬಂದರಿನಲ್ಲೂ ಒಂದು ಹಡಗು ಸಹಿಗೆ ಕಾದಿದೆ. ಕೆಳಗಿನವರೆಗೂ ಇಳಿದು ಅದನ್ನು ನಿಲ್ಲಿಸಿ. ಬೈಸಿಕೊಳ್ಳಿ, ಕೆಲಸ ಹೋದರೆ ಹೋಗಲಿ. ನೀವು ಇಳಿದರೆ ಮಗ ಇಳಿಯುತ್ತಾನೆ, ಅವನ ಮಗನೂ ಇಳಿಯುತ್ತಾನೆ. ಈ ಹುಡುಗಿಯೂ ಬಂದರಿನಲ್ಲೇ ಫ್ಯಾನಿಗೆ ಕೈಯೊಡ್ಡಿ ನೋಡಿ, ಸಹಿ ಹಾಕದೆ ಹಡಗು ನಿಲ್ಲಿಸಿರುತ್ತಾಳೆ. ಆಗ ಈ ಬೀಗದ ಹಿಂದೆ ಯಾರೂ ಇರುವುದಿಲ್ಲ.

ಇಳಿಯದಿದ್ದರೆ, ಅವಳು ಬಾಗಿಲು ಬಡಿಯುವ ಸದ್ದು ಕೇಳಿಸಿಕೊಂಡೇ ನಾಳೆ ಊಟಕ್ಕೆ ಕೂರುತ್ತೇನೆ.

ಭುಜಂಗ ಕರ್ಕೇರ